ಹಸಿರಿನಡಿಯ ಕೆಂಪು

ನವೆಂಬರ್ ೧೮, ಮಂಗಳವಾರ

ಇವತ್ತೂ ಅದೇ ಕೆಂಪಿನ ಗೋಳು. ಹಾಸಿಗೆ ಹಿಡಿದ ಅತ್ತೆಗೆ ಕಿಟಕಿಯಲ್ಲಿ ಪಕ್ಕದ ಮನೆಯ ಗೋಡೆ ಬಿಟ್ಟರೆ ಏನೂ ಕಾಣದು. ಪಾಪ, ಹುಲ್ಲಿನ ಗುಡ್ಡವೊಂದನ್ನು ಬರೆದುಕೊಡೋಣ ಎಂದು ಹೊರಟವಳು ನಾನು. ವಿರುದ್ಧ ಬಣ್ಣವಾದ ಕೆಂಪು ಅಡಿಯಲ್ಲಿದ್ದರೆ ಹಸಿರಿಗೆ ಜೀವ ಬರುತ್ತದೆಂದು ಮೊದಲು ಗುಡ್ಡದ ಆಕಾರದ ತುಂಬ ಕೆಂಪು ನೀರುಬಣ್ಣ ಬಳಿದು, ಒಣಗಲೆಂದು ಅವರ ಕೋಣೆಯಲ್ಲೇ ಒರಗಿಸಿಟ್ಟೆ. ಬುದ್ಧಿ ಎಲ್ಲಿಟ್ಟಿದ್ದೆನೋ!

"ಅಯ್ಯೋ, ಗುಡ್ಡಕ್ಕೆ ಬೆಂಕಿ ಬಿದ್ದಿದೆ, ಯಾರಾದ್ರೂ ಬನ್ರೇ!" ಎಂದು ಅತ್ತೆ ಕೂಗಿಕೊಂಡರು.

ಅವತ್ತಿನಿಂದ ಚಿತ್ರವನ್ನು ಅಲ್ಲೇ ಗೋಡೆಗೆ ತೂಗುಹಾಕಿ, ಪ್ಯಾಸ್ಟೆಲ್ ಬಣ್ಣದ ಕಡ್ಡಿಗಳು ಸವೆಯುವಷ್ಟು ಹಸಿರು ತೀಡಿದ್ದೇನೆ. ಆದರೂ ಹುಲ್ಲಿನ ಸಂದಿಯಲ್ಲಿ ಕೆಂಪು ಇಣುಕುತ್ತದೆ. ಇಣುಕಲೆಂದೇ ಅಲ್ಲವೇ ಹಾಕಿದ್ದು?

"ಅಲ್ಲಿ ಇನ್ನೂ ಉರೀತಿದೆ ನೋಡಮ್ಮ," ಎಂದು ಅತ್ತೆ ಬೆರಳು ತೋರಿಸುತ್ತಾರೆ.

"ಅಮ್ಮ ನಾಳೆ ಮರೀತಾಳೆ ಬಿಡು," ಎನ್ನುತ್ತಾರೆ ಇವರು. ನನ್ನ ಹೆಸರನ್ನೇ ಮರೆತವರು ಈ ಬೆಂಕಿಯನ್ನು ಮಾತ್ರ ಮರೆಯುತ್ತಿಲ್ಲ.

ಕಾಗದ ಇನ್ನು ಬಣ್ಣ ಹಿಡಿಯುವುದಿಲ್ಲ. ತೀಡಿದ ಹಸಿರೆಲ್ಲ ಪುಡಿಯಾಗಿ ನೆಲಕ್ಕೆ ಉದುರುತ್ತಿದೆ. ಸಾಕಾಗಿ ಸಂಜೆ ಚಿತ್ರವನ್ನು ಗೋಡೆಯಿಂದ ಇಳಿಸಿ ಮಂಚದ ಕೆಳಗೆ ತಳ್ಳಿದೆ. ಅತ್ತೆ ಖಾಲಿ ಮೊಳೆಯನ್ನೇ ನೋಡುತ್ತ ಕೇಳಿದರು:

"ಎಲ್ಲಾ ಸುಟ್ಟುಹೋಯ್ತಾ?"

ಹೂಂ ಎನ್ನಲು ಬಾಯಿ ಬರಲಿಲ್ಲ. ಇಲ್ಲ ಎಂದರೆ ಮತ್ತೆ ತೆಗೆದು ತೋರಿಸಬೇಕು…