ಸೈಗಾನಿನಲ್ಲಿ ಉಳಿದ ನಡುವಿನ ಡಬ್ಬಿ

ಸೈಗಾನ್,
ಬೇಗೆಮಾಸದ ಮೂವತ್ತಮೂರನೆಯ ದಿನ, 2191

ಪ್ರೀತಿಯ ಆಯಿಗೆ,

ಈಗ ನಿನ್ನ ತೊಡೆಯ ಮೇಲೆ ಮಲಗಿ, ಹಲ್ಲಿಲ್ಲದ ಬಾಯಿಂದ ಜೊಲ್ಲು ಸುರಿಸುತ್ತಿರುವ ಆ ಕೂಸಿದೆಯಲ್ಲ, ನಾನು ಅದರ ಮರಿಮೊಮ್ಮಗಳು. ನನ್ನ ಹೆಸರು ಗುರುಸಿದ್ಧವ್ವ. ನಗಬೇಡ, ನಮ್ಮ ಕಾಲದಲ್ಲಿ ಇಂಥ ಹೆಸರುಗಳೇ ಫ್ಯಾಷನ್. ನನಗೆ ಅರವತ್ತೇಳು, ನಿನಗಿನ್ನೂ ಐವತ್ತೆಂಟು. ಆದರೂ ನೀನೇ ಆಯಿ, ನಾನೇ ಮೊಮ್ಮಗಳು. ನನ್ನ ಕನ್ನಡ ನಿನಗೆ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸು. ನೀನು ಕೇಳಿರದ ಕೆಲವು ಮಾತುಗಳು ನಮ್ಮ ಬಾಯಲ್ಲಿ ಹುಟ್ಟಿಕೊಂಡಿವೆ, ಅವನ್ನು ಬಿಡಿಸಿ ಹೇಳುತ್ತ ಹೋಗುತ್ತೇನೆ. ಬೇಗೆಮಾಸವೆಂದರೆ ವೈಶಾಖಕ್ಕೂ ಜ್ಯೇಷ್ಠಕ್ಕೂ ನಡುವೆ ನಾವು ಸೇರಿಸಿಕೊಂಡ ತಿಂಗಳು. ಸೆಕೆ ಎಷ್ಟು ದಿನ ಇರುತ್ತದೋ ತಿಂಗಳೂ ಅಷ್ಟೇ ದಿನ, ಹಾಗಾಗಿ ಮೂವತ್ತಮೂರನೆಯ ತಾರೀಖು ನೋಡಿ ಗಾಬರಿಯಾಗಬೇಡ.

ಇದಕ್ಕೆ ಹಿಂದೋಲೆ ಎನ್ನುತ್ತಾರೆ, ಹಿಂದಕ್ಕೆ ಹೋಗುವ ಓಲೆ. ಒಂದು ಮನೆತನಕ್ಕೆ ಒಂದೇ ಸಲ, ಕೆಲವೇ ಹಾಳೆ, ಜೊತೆಗೆ ಬೇರೇನನ್ನೂ ಕಳಿಸುವಂತಿಲ್ಲ. ಮುಂದೆ ಯಾರು ಯಾವಾಗ ಸಾಯುತ್ತಾರೆ, ಯಾರು ಗೆಲ್ಲುತ್ತಾರೆ, ಎಲ್ಲಿ ಸೈಟು ಕೊಳ್ಳಬೇಕು, ಇವನ್ನೆಲ್ಲ ಬರೆಯಕೂಡದು. ಕಚೇರಿಯ ಗುಮಾಸ್ತ ಓದಿ ನೋಡಿಯೇ ಮೊಹರು ಹಾಕುತ್ತಾನೆ. ನಾಡಿದ್ದು ನೀನು ಸೈಗಾನಿನ ಟೂರಿಗೆ ಹೊರಡುವವಳು. ಸೂಟ್‌ಕೇಸಿನ ಪಕ್ಕದ ಜೇಬಿನಲ್ಲಿ, ಪಾಸ್‌ಪೋರ್ಟಿನ ಝೆರಾಕ್ಸ್ ಪ್ರತಿಗಳ ನಡುವೆ ಇದು ನಿನಗೆ ಸಿಗಬೇಕು. ಚಟ್ನಿಪುಡಿಯ ಎಣ್ಣೆ ತಾಗದಿದ್ದರೆ ಸಾಕು.

ನೀನು ತೆಗೆದ ಸಾವಿರಾರು ಫೋಟೋಗಳಲ್ಲಿ ಒಂದೂ ನಮ್ಮವರೆಗೆ ಬಂದಿಲ್ಲ. ಫೋನುಗಳು ಸತ್ತವು, ಅವುಗಳ ಜೊತೆ ಫೋಟೋಗಳೂ ಹೋದವು. ನಮಗೆ ಉಳಿದದ್ದು ಎರಡೇ. ಒಂದು, ಟೂರಿನವರು ಕೊಟ್ಟ ಕಾರ್ಯಕ್ರಮ ಪಟ್ಟಿಯ ಹಿಂಬದಿಗೆ ನೀನು ಬರೆದ ಒಂದು ಪುಟ. ಇನ್ನೊಂದು, ನಿನ್ನ ಸ್ಟೀಲಿನ ಟಿಫನ್ ಕ್ಯಾರಿಯರ್. ಮೂರಂತಸ್ತಿನ ಆ ಕ್ಯಾರಿಯರಿನಲ್ಲಿ ಮೇಲಿನದೂ ಕೆಳಗಿನದೂ ಇವೆ, ನಡುವಿನ ಡಬ್ಬಿ ಇಲ್ಲ. ಹಾಗಾಗಿ ಕೊಂಡಿ ಹಾಕಿದರೂ ಲೊಡಲೊಡ ಅಲ್ಲಾಡುತ್ತದೆ. ನಡುವೆ ಬಟ್ಟೆ ತುರುಕಿ ಐದು ತಲೆಮಾರು ಅದರಲ್ಲೇ ಬುತ್ತಿ ಒಯ್ದಿದ್ದೇವೆ. ಒಂದು ಚಮಚ ಕಾಣದಿದ್ದರೂ ಮನೆಯನ್ನೆಲ್ಲ ತಲೆಕೆಳಗು ಮಾಡುತ್ತಿದ್ದ ನೀನು, ತೀರಿಹೋದ ಅಕ್ಕ ಕೊಟ್ಟ ಡಬ್ಬಿಯನ್ನು ಪರದೇಶದಲ್ಲಿ ಹೇಗೆ ಬಿಟ್ಟು ಬಂದೆ? ನಮ್ಮ ಮನೆಯಲ್ಲಿ ಇದು ಮುಗಿಯದ ತಮಾಷೆ. ಕೇಳಿದರೆ ನೀನು ನಕ್ಕು ಒಳಗೆ ಹೋಗುತ್ತಿದ್ದೆಯಂತೆ.

ನಿನಗೆ ಇನ್ನೂ ನಡೆಯಬೇಕಾದದ್ದು ನಮಗೆ ಎಂದೋ ನಡೆದುಹೋದದ್ದು. ನಿನ್ನ ಪುಟದಲ್ಲಿ ಡಬ್ಬಿಯ ಬಗ್ಗೆ ಇರುವುದಿಷ್ಟು. ಮೂರನೆಯ ದಿನದ ಮಧ್ಯಾಹ್ನದ ಊಟ ಪ್ಯಾಕೇಜಿನಲ್ಲಿ ಸೇರಿರಲಿಲ್ಲ. ಉಳಿದವರೆಲ್ಲ ಇಂಡಿಯನ್ ಹೋಟೆಲಿಗೆ ಹೋದರು. ಅಲ್ಲಿಯ ದರ ನೋಡಿ ನೀನು ಹೊರಗೇ ಉಳಿದೆ, ಕೈಯಲ್ಲಿ ಬುತ್ತಿ ಇತ್ತಲ್ಲ. ಅಷ್ಟರಲ್ಲಿ ಮಳೆ ಹೊಡೆದು ಚೀಲದೊಳಗಿನ ಖಡಕ್ ರೊಟ್ಟಿ ನೆಂದು ಹೋಯಿತು, ಉಳಿದದ್ದು ಶೇಂಗಾ ಚಟ್ನಿ ಮಾತ್ರ. ಓಣಿಯೊಂದರಲ್ಲಿ ಅನ್ನ ಮಾರುವ ಹೆಂಗಸು ತನ್ನ ಕೊಡೆಯ ಕೆಳಗೆ ನಿನ್ನನ್ನು ಕೂರಿಸಿಕೊಂಡಳು. ಅವಳ ಪಾತ್ರೆಗಳಲ್ಲಿ ಮೀನೂ ಮಾಂಸವೂ ಬೆಂದದ್ದರಿಂದ ನೀನು ಏನನ್ನೂ ಮುಟ್ಟಲಿಲ್ಲ. ಅವಳಿಗೆ ಅರ್ಥವಾಯಿತು. ಹೊಸ ಗಡಿಗೆಯಲ್ಲಿ ಬರಿಯ ಅನ್ನ ಮಾಡಿ, ನಿನ್ನದೇ ಡಬ್ಬಿಯನ್ನು ನಿನ್ನ ಕಣ್ಣೆದುರು ಮೂರು ಸಲ ತೊಳೆದು, ಅದರಲ್ಲೇ ಬಡಿಸಿದಳು. ನೀನು ಉಂಡೆ, ಅವಳಿಗೂ ಚಟ್ನಿ ಕೊಟ್ಟೆ. ಬಸ್ಸಿನವರು ಕೂಗಿದರೆಂದು ಎದ್ದು ಓಡಿದೆ. ಕೊನೆಯ ಸಾಲು ಹೀಗಿದೆ: “ಅಕ್ಕನ ಡಬ್ಬಿ ಅಲ್ಲೇ ಉಳಿತು. ಬಸ್ ಬಿಟ್ಟದ. ಇಳೀಲೋ ಬ್ಯಾಡೋ.” ಮುಂದೆ ಹಾಳೆ ಹರಿದಿದೆ.

ಈಗ ನನ್ನ ಪ್ರವಾಸದ ವಿಷಯ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಜೀವಮಾನಕ್ಕೊಂದು ದೂರದಾರಿ, ಅಂದರೆ ಸಮುದ್ರ ದಾಟುವ ಒಂದೇ ಒಂದು ಅವಕಾಶ. ನಾನು ಅದನ್ನು ಸೈಗಾನಿಗೆ ಇಟ್ಟೆ. ಹಾಯಿಹಡಗಿನಲ್ಲಿ ಕಾರವಾರದಿಂದ ಇಪ್ಪತ್ತಾರು ದಿನ. ಬುದ್ಧಿ ಇದ್ದವರು ತಂಪು ಕಾಲದಲ್ಲಿ ಹೋಗುತ್ತಾರೆ. ಬೇಗೆಮಾಸದಲ್ಲಿ ಟಿಕೆಟ್ ಅರ್ಧ ದರಕ್ಕೆ ಸಿಗುತ್ತದೆಂದು ನಾನು ಬೇಗೆಮಾಸದಲ್ಲೇ ಹೊರಟೆ. ಈ ಗುಣ ಯಾರಿಂದ ಬಂತೆಂದು ನಿನಗೆ ಹೇಳಬೇಕಾಗಿಲ್ಲ.

ನಾನು ಇಳಿದುಕೊಂಡದ್ದು ತೂಗುಮನೆಯಲ್ಲಿ. ಏಳು ಅಂತಸ್ತಿನ ಕಟ್ಟಡ, ಕೆಳಗಿನ ಎರಡನ್ನು ನೀರಿಗೆ ಬಿಟ್ಟುಕೊಟ್ಟಿದ್ದಾರೆ. ಮೇಲೆ ಸಾಲಾಗಿ ಜೋಕಾಲಿಯಂಥ ಹಾಸಿಗೆಗಳು. ಒಬ್ಬೊಬ್ಬರ ಪಾಲಿಗೆ ಒಂದು ಹಾಸಿಗೆ, ಒಂದು ಸೊಳ್ಳೆಪರದೆ, ಚೀಲಕ್ಕೊಂದು ಕೊಕ್ಕೆ. ಪಕ್ಕದ ಜೋಕಾಲಿಯವರು ಮಗ್ಗುಲು ಬದಲಿಸಿದರೆ ನಮ್ಮದೂ ಅಲ್ಲಾಡುತ್ತದೆ, ಎರಡು ದಿನಕ್ಕೆ ಅದೂ ರೂಢಿಯಾಯಿತು. ಸಮುದ್ರ ದಿನಕ್ಕೆರಡು ಸಲ ಬೀದಿಗೆ ಬಂದು ಹೋಗುತ್ತದೆ. ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಚಪ್ಪಲಿಯನ್ನು ಬಾಗಿಲ ಮೇಲಿನ ಮೊಳೆಗೆ ತೂಗುಹಾಕಿ ದೋಣಿ ಹತ್ತುತ್ತಾರೆ. ಸೈಗಾನಿನಲ್ಲಿ ರಸ್ತೆ ದಾಟುವಾಗ ನಿಲ್ಲಬಾರದು, ಓಡಬಾರದು, ಮೆಲ್ಲಗೆ ನಡೆಯುತ್ತಲೇ ಇರಬೇಕು, ಬೈಕಿನವರೇ ಸುತ್ತಿಕೊಂಡು ಹೋಗುತ್ತಾರೆ ಎಂದು ನೀನು ಬರೆದಿದ್ದೀಯ. ಬೈಕುಗಳಿದ್ದ ಜಾಗದಲ್ಲಿ ಈಗ ಅಷ್ಟೇ ದೋಣಿಗಳಿವೆ. ನಿನ್ನ ಆ ಸಾಲನ್ನೇ ನಂಬಿ ಹುಟ್ಟು ಹಾಕಿದೆ, ಯಾರಿಗೂ ಡಿಕ್ಕಿಯಾಗಲಿಲ್ಲ. ಕಾಫಿ ಮಾತ್ರ ಬದಲಾಗಿಲ್ಲವಂತೆ. ಒಂದೊಂದೇ ಹನಿ ಇಳಿಯುತ್ತದೆ, ಕಾಯುವಷ್ಟರಲ್ಲಿ ನಮ್ಮ ಸಿಟ್ಟೂ ಇಳಿದಿರುತ್ತದೆ.

ನಿಮ್ಮ ಕಾಲದಲ್ಲಿ ಪ್ರವಾಸಿಗೆ ದುಬಾರಿಯಾದದ್ದು ವಿಮಾನ, ಹೋಟೆಲು. ನಮಗೆ ದುಬಾರಿಯಾದದ್ದು ತಂಪು. ಕಡಿಮೆ ದರದ ಪ್ರವಾಸಿಗೆ ದಿನಕ್ಕೆ ಎರಡು ತಂಪುಗಂಟೆ ಸಿಗುತ್ತವೆ. ಮಣಿಕಟ್ಟಿನ ಪಟ್ಟಿಯನ್ನು ತೋರಿಸಿದರೆ ತಣ್ಣನೆಯ ಕೋಣೆಯೊಂದರ ಬಾಗಿಲು ತೆರೆಯುತ್ತದೆ. ಹೋಟೆಲಿನ ಶಾಂಪೂ ಶೀಶೆಗಳನ್ನೂ ಉಪಾಹಾರದ ಬಾಳೆಹಣ್ಣನ್ನೂ ವ್ಯಾನಿಟಿ ಬ್ಯಾಗಿಗೆ ಸೇರಿಸುತ್ತಿದ್ದ ಮನೆತನ ನಮ್ಮದು. ನಾನೂ ಮೊದಲ ದಿನ ಒಂದೇ ಒಂದು ತಂಪುಗಂಟೆ ಬಳಸಿ ಉಳಿದವನ್ನೆಲ್ಲ ಕೂಡಿಟ್ಟೆ, ಊರಿಗೆ ಒಯ್ದರೆ ಮೊಮ್ಮಕ್ಕಳಿಗಾದೀತೆಂದು. ಆರನೆಯ ದಿನಕ್ಕೆ ಪಟ್ಟಿಯಲ್ಲಿ ಹನ್ನೊಂದು ಗಂಟೆ ಸೇರಿದ್ದವು, ನನಗೆ ಭಾರಿ ಹೆಮ್ಮೆ.

ಇಲ್ಲಿ ಬೇಗೆಮಾಸದಲ್ಲಿ ಊರು ಬೆಳಗಿನ ಜಾವ ಏಳುತ್ತದೆ, ಒಂಬತ್ತಕ್ಕೆ ಬಾಗಿಲು ಹಾಕಿ ಸಂಜೆ ಐದಕ್ಕೆ ಮತ್ತೆ ತೆರೆಯುತ್ತದೆ. ಆದರೆ ಹಳೆಯ ವಸ್ತುಗಳ ಸಂಗ್ರಹಾಲಯವೊಂದು ಬಿಸಿಲೇರಿದ ಮೇಲೆ ಬಂದವರಿಗೆ ಪುಕ್ಕಟೆ ಎಂದು ಬೋರ್ಡು ಹಾಕಿತ್ತು. ಪುಕ್ಕಟೆ ಎಂದು ಓದಿದ ಮೇಲೆ ನನ್ನ ಕಾಲು ನಿಲ್ಲಲಿಲ್ಲ. ಹತ್ತು ಗಂಟೆಯ ಬಿಸಿಲಲ್ಲಿ, ನೀರು ಇಳಿದ ಖಾಲಿ ಬೀದಿಯಲ್ಲಿ ಒಬ್ಬಳೇ ಹೊರಟೆ. ಎರಡು ತಿರುವು ದಾಟುವಷ್ಟರಲ್ಲಿ ಬೆವರು ನಿಂತಿತು, ಕಣ್ಣು ಕತ್ತಲಿಟ್ಟಿತು. ತಣ್ಣನೆಯ ಕೋಣೆ ಪಕ್ಕದಲ್ಲೇ ಇತ್ತು, ಪಟ್ಟಿ ಎತ್ತಿ ತೋರಿಸಲು ಕೈ ಏಳಲಿಲ್ಲ. ಸಾಯುತ್ತೇನೆ ಎಂದು ನಿಜವಾಗಿ ಅನಿಸಿತು, ಆಯಿ. ಬಹಳ ಹೆದರಿದೆ.

ಎಚ್ಚರವಾದಾಗ ಒದ್ದೆ ಗೋಣಿಪರದೆಗಳ ನೆರಳಿನಲ್ಲಿದ್ದೆ. ನನ್ನಷ್ಟೇ ವಯಸ್ಸಿನ ಹೆಂಗಸೊಬ್ಬಳು ನನ್ನ ಅಂಗಾಲು ಒರೆಸುತ್ತಿದ್ದಳು. ಅವಳ ಹೆಸರು ಲಿಯೆನ್, ಆ ಓಣಿಯ ಅನ್ನದ ಅಂಗಡಿ ಅವಳದು. ಅವಳಾಡುವುದು ವಿಯೆಟ್ನಾಂ ಭಾಷೆ, ನನ್ನ ಕಿವಿಮಣಿ ಅದನ್ನು ಕನ್ನಡಕ್ಕೆ ತಿರುಗಿಸುತ್ತದೆ. ಕಿವಿಮಣಿಗೆ ನಾನು ಕಲಿಸಿದ್ದು ಗದಗಿನ ಮಾತು, ಹಾಗಾಗಿ ಲಿಯೆನ್ ನನ್ನನ್ನು ನಮ್ಮ ಓಣಿಯವರ ಹಾಗೆಯೇ ಬೈದಳು. “ಕೈಗೆ ಹನ್ನೊಂದು ತಾಸು ತಂಪು ಕಟ್ಟಿಕೊಂಡು ಬಿಸಿಲಾಗ ಸಾಯಾಕ ಬಂದೀರೇನ್ರಿ? ಯಾರ ಮನಿ ಹೆಣ್ಮಗಳು ನೀವು?” ನಾನು ಬಾಯಿ ತೆರೆಯುವ ಮೊದಲೇ, “ಮೊದಲ ಉಣ್ರಿ, ಹೆಸರು-ಗಿಸರು ಆಮ್ಯಾಲೆ ಹೇಳೀರಂತ,” ಎಂದು ಉಪ್ಪು ಬೆರೆಸಿದ ಗಂಜಿಯನ್ನು ಹಳೆಯ ಸ್ಟೀಲಿನ ಡಬ್ಬಿಯೊಂದರಲ್ಲಿ ಕೈಗಿತ್ತಳು.

ಉಂಡೆ. ಜೀವ ಬಂತು. ಡಬ್ಬಿಯನ್ನು ತೊಳೆದುಕೊಡೋಣವೆಂದು ಕವುಚಿದಾಗ ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳು ಕಂಡವು. ಸವೆದಿದ್ದರೂ ಓದಲು ಬರುತ್ತಿದ್ದವು. “ತಂಗಿ ಮಹಾನಂದಾಗೆ, ಅಕ್ಕ ಇಂದುಮತಿ. ಗದಗ, 1989.”

ಆಯಿ, ನಾನು ಅತ್ತುಬಿಟ್ಟೆ. ಉಡುಗೊರೆ ಪಾತ್ರೆಗೆ ಹೆಸರು ಹಾಕಿಸುವ ನಮ್ಮವರ ಚಟವನ್ನು ನಾನು ಎಷ್ಟೋ ಸಲ ಆಡಿಕೊಂಡಿದ್ದೆ. ಲಿಯೆನ್‌ಗೆ ಅಕ್ಷರಗಳನ್ನು ಓದಿ ಹೇಳಿದೆ, ನೀನು ಯಾರೆಂದೂ ಹೇಳಿದೆ. ಅವಳು ಅಕ್ಷರಗಳ ಮೇಲೆ ಬೆರಳಾಡಿಸಿ, “ಇಷ್ಟು ತಡಾ ಮಾಡಿದ್ರಲ್ರಿ! ಅನ್ನ ದಿನಾ ಆರಿ ಹೋಗತಿತ್ತು,” ಎಂದಳು.

ಅವಳ ಮನೆಯಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತು ಇದು. ನೀನು ಓಡಿಹೋದ ಮೇಲೆ ಆ ಹೆಂಗಸು ನಿನಗಾಗಿ ಕಾದಳು. ಹಸಿದು ಬಂದಾಳೆಂದು ಡಬ್ಬಿ ತೊಳೆದು ಮತ್ತೆ ಅನ್ನ ತುಂಬಿಟ್ಟಳು. ಸಂಜೆಯಾದರೂ ನೀನು ಬರಲಿಲ್ಲ, ಅನ್ನ ಹಳಸಬಾರದೆಂದು ದಾರಿ ತಪ್ಪಿ ಬಂದ ಬೇರೊಬ್ಬ ಪ್ರವಾಸಿಗೆ ಕೊಟ್ಟಳು. ಮರುದಿನವೂ ತುಂಬಿಟ್ಟಳು. ಅವಳ ಮಗಳು, ಮಗಳ ಮಗಳು, ಎಲ್ಲರೂ ಹಾಗೆಯೇ ಮಾಡಿದರು. ಇಂದಿಗೂ ಗಡಿಗೆಯಿಂದ ಮೊದಲು ತೆಗೆದ ಅನ್ನ ಆ ಡಬ್ಬಿಗೆ. ಮೀನು, ಮಾಂಸ ಅದಕ್ಕೆ ಇಂದಿಗೂ ತಾಗಿಲ್ಲ. ನೂರಾ ಅರವತ್ತೈದು ವರ್ಷ ನಿನ್ನ ಪಾಲಿನ ಅನ್ನವನ್ನು ನೀನು ಕಾಣದವರು ಉಂಡಿದ್ದಾರೆ.

ಲಿಯೆನ್ ಡಬ್ಬಿಯನ್ನು ಒರೆಸಿ ಎರಡೂ ಕೈಯಿಂದ ನನ್ನ ಮುಂದೆ ಹಿಡಿದಳು. “ನಿಮ್ಮದು ನಿಮಗ ಸೇರಬೇಕು, ಒಯ್ಯಿರಿ,” ಎಂದಳು. ಸುಳ್ಳು ಹೇಳುವುದಿಲ್ಲ, ನನಗೆ ಬೇಕೆನಿಸಿತು. ನನ್ನ ಚೀಲದಲ್ಲಿ ನಿನ್ನ ಕ್ಯಾರಿಯರ್ ಇತ್ತು. ಬಟ್ಟೆಯನ್ನು ಕಿತ್ತು ಆ ಜಾಗಕ್ಕೆ ಡಬ್ಬಿಯನ್ನು ಕೂರಿಸಿ ಕೊಂಡಿ ಎಳೆದೆ. ಟಕ್ಕೆಂದು ಬಿತ್ತು. ಎತ್ತಿ ಅಲ್ಲಾಡಿಸಿ ನೋಡಿದೆ, ಸದ್ದೇ ಇಲ್ಲ. ನನ್ನ ತಾಯಿ ಆ ಸದ್ದಿಲ್ಲದಿರುವುದನ್ನು ಕೇಳಬೇಕಾಗಿತ್ತು ಎಂದುಕೊಂಡೆ.

ಅಷ್ಟರಲ್ಲಿ ಪರದೆ ಸರಿಸಿ ಒಬ್ಬರು ಒಳಗೆ ಬಂದರು. ಯಾವ ದೇಶದವರೋ, ಮುಖ ಕೆಂಪಾಗಿ ಕಂದಿತ್ತು. ತಿನಿಸುಗಳನ್ನು ಒಂದೊಂದಾಗಿ ನೋಡಿ, ಏನು ಕೇಳಬೇಕೆಂದು ತಿಳಿಯದೆ ನಿಂತರು. ನೀನೂ ಹೀಗೇ ನಿಂತಿರಬೇಕು. ಲಿಯೆನ್‌ಳ ಕೈ ರೂಢಿಯಂತೆ ಡಬ್ಬಿಯ ಜಾಗಕ್ಕೆ ಹೋಯಿತು, ಅಲ್ಲಿ ಡಬ್ಬಿ ಇರಲಿಲ್ಲ. ಅವಳು ಕೈ ಹಿಂದೆ ತೆಗೆದುಕೊಂಡಳು. ನಾನು ಕೊಂಡಿ ಬಿಚ್ಚಿ, ಡಬ್ಬಿಯನ್ನು ತೊಳೆದು ಅವಳಿಗೆ ಕೊಟ್ಟೆ.

ಇನ್ನು ನಿನ್ನಲ್ಲಿ ನನ್ನದೊಂದು ಬೇಡಿಕೆ. ಮೂರನೆಯ ದಿನ ಆ ಓಣಿಯಿಂದ ಓಡಿ ಬಂದು ನೀನು ಬಸ್ಸಿನಲ್ಲಿ ಕೂರುತ್ತೀ. ಬಸ್ ಹೊರಟ ಮೇಲೆ ಚೀಲ ತಡವಿ ನೋಡುತ್ತೀ, ನಡುವಿನ ಡಬ್ಬಿ ಇರುವುದಿಲ್ಲ. ಅಕ್ಕ ಹೋಗಿ ಇನ್ನೂ ವರ್ಷವಾಗಿಲ್ಲ, ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ. ಡ್ರೈವರನಿಗೆ ನಿಲ್ಲಿಸೆಂದು ಕೂಗಲು ನೀನು ಅರ್ಧ ಎದ್ದಿರುತ್ತೀ. ಆಗ ಈ ಕಾಗದವನ್ನು ನೆನೆ. ನೀನು ಮರಳಿ ಹೋದರೆ ಆ ಹೆಂಗಸು ನಕ್ಕು ಡಬ್ಬಿ ಕೊಟ್ಟುಬಿಡುತ್ತಾಳೆ, ಮತ್ತೆ ಕಾಯುವುದಕ್ಕೆ ಅವಳಿಗೆ ಯಾರೂ ಇರುವುದಿಲ್ಲ. ಬಿಸಿಲಲ್ಲಿ ಬಿದ್ದ ನನಗೂ ಯಾರೂ ಇರುವುದಿಲ್ಲ.

ಮುಂದೆ ಮನೆಯವರು ಮರೆಗುಳಿ ಎಂದು ಚೇಷ್ಟೆ ಮಾಡುತ್ತಾರೆ, ಸಹಿಸಿಕೊ. ಹೇಳಿದರೂ ಯಾರು ನಂಬುತ್ತಾರೆ? ನೀನು ಯಾಕೆ ನಗುತ್ತಿದ್ದೆಯೆಂದು ಇದನ್ನು ಬರೆಯುವಾಗಲೇ ನನಗೆ ಹೊಳೆದದ್ದು.

ಶೇಂಗಾ ಚಟ್ನಿಯನ್ನು ಸ್ವಲ್ಪ ಹೆಚ್ಚಿಗೆ ಕಟ್ಟಿಕೊ, ಅವಳಿಗೆ ಬಹಳ ಸೇರುತ್ತದೆ. ಬಸ್ ಹೊರಟಾಗ ಕಿಟಕಿಯಿಂದ ಅವಳ ಕಡೆ ಒಮ್ಮೆ ಕೈ ಬೀಸು. ಆಮೇಲೆ ಕೂತುಕೋ, ಆಯಿ.

ನಿನ್ನ ಅನ್ನವುಂಡು ಬದುಕಿದವಳು,
ಗುರುಸಿದ್ಧವ್ವ