ಹೊಲಿಗೆ ಮೂಲೆಗೊಂದು ದೀಪ

ಅಕ್ಕಾ,

ಹೊಲಿದ ಬಟ್ಟೆ ಕೊಟ್ಟು ಬರಲು ಹೋಗಿದ್ದೇನೆ. ಇನ್ವರ್ಟರ್ ಕೂರಿಸುವವರು ಮಧ್ಯಾಹ್ನ ಬರುತ್ತಾರೆ, ಮನೆಯಲ್ಲೇ ಇರು. ಬ್ಯಾಟರಿಯನ್ನು ಒಲೆಯ ಹತ್ತಿರ ಇಡಿಸಬೇಡ. ಹಿಂಬಾಗಿಲ ಪಕ್ಕ ಗಾಳಿಯಾಡುತ್ತದೆ, ಅಲ್ಲಿ ಇಡಿಸು. ನಿನ್ನ ಇಸ್ತ್ರಿಪೆಟ್ಟಿಗೆ ಆ ಲೈನಿಗೆ ಬೇಡ. ಅಪ್ಪ ಆರಿಸಿದ್ದು ಚಿಕ್ಕ ಇನ್ವರ್ಟರ್, ಅಷ್ಟು ತಾಳುವುದಿಲ್ಲ.

ಯಾವುದಕ್ಕೆಲ್ಲ ಕನೆಕ್ಷನ್ ಎಂದು ಅಪ್ಪ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದಾರೆ, ನೋಡಿದೆಯಾ? ನಿನ್ನ ಕೋಣೆಗೆ ಟ್ಯೂಬ್‌ಲೈಟು, ಫ್ಯಾನು, ಅದರ ಮೇಲೆ ಓದುವ ಮೇಜಿನ ದೀಪ ಬೇರೆ. ನನ್ನ ಹೊಲಿಗೆ ಮೂಲೆಗೆ ಏನೂ ಇಲ್ಲ. “ಅವಳು ಓದೋಳು ಕಣಮ್ಮ. ನಿಂದು ಕಾಲಲ್ಲಿ ತುಳಿಯೋ ಮಷೀನು, ಅದಕ್ಯಾಕೆ ಕರೆಂಟು?” ಅಂದರು. ಮಷೀನಿಗೆ ಬೇಡ, ನಿಜ. ನನ್ನ ಕಣ್ಣಿಗೆ ಬೇಡವೇ? ಹೋದ ತಿಂಗಳು ಕರೆಂಟು ಹೋದಾಗ ಗಿರಾಕಿಯೊಬ್ಬರ ರವಿಕೆಯ ಎಡದ ತೋಳನ್ನು ಬಲಕ್ಕೆ ಹೊಲಿದು ಬಿಚ್ಚುತ್ತ ಕೂತಿದ್ದೆ. ನೀನು ನೋಡಿ ನಕ್ಕೆ. ಆ ಗಿರಾಕಿ ಮತ್ತೆ ಬರಲಿಲ್ಲ.

ಹೊಟ್ಟೆಕಿಚ್ಚು ಅನ್ನುತ್ತೀಯ. ಅನ್ನು, ಹೌದು.

ಮೇಜಿನ ದೀಪದ ಕನೆಕ್ಷನ್ ನನಗೆ ಬಿಟ್ಟುಕೊಡು. ಇನ್ವರ್ಟರಿನವರು ವೈರು ಎಳೆಯುವ ಮೊದಲು ಅಪ್ಪನಿಗೆ ನೀನೇ ಹೇಳು. ನಾನು ಹೇಳಲು ಹೋದರೆ ಬಾಯಿ ಬರುವುದಿಲ್ಲ. ನೀನಾದರೆ ಒಂದೇ ಮಾತಿಗೆ ಒಪ್ಪುತ್ತಾರೆ.

ಅದಕ್ಕೂ ನನಗೆ ಹೊಟ್ಟೆ ಉರಿಯುತ್ತದೆ.