ಎಂಟು ಅಕ್ಷರದ ಹೆಸರು

7-10-1996, ಸೋಮವಾರ
ಬಂಗಾರಪೇಟೆ ಪ್ಯಾಸೆಂಜರ್ ಇಪ್ಪತ್ತು ನಿಮಿಷ ಲೇಟು. ರಾಬರ್ಟ್‌ಸನ್‌ಪೇಟೆ ತಲುಪುವಷ್ಟರಲ್ಲಿ ಕ್ಲಿನಿಕ್ಕಿನ ಹಳೆಯ ಕಂಪ್ಯೂಟರ್ ನೆಲದ ಮೇಲೆ, ಹೊಸದು ನನ್ನ ಮೇಜಿನ ಮೇಲೆ. ವಿಂಡೋಸ್ 95. ಡಾಕ್ಟರ್ ಕುಪ್ಪುಸ್ವಾಮಿಗೆ ಖುಷಿ. "ಅನಸೂಯಾ, ಇನ್ನು ಕಮಾಂಡ್ ಬಾಯಿಪಾಠ ಬೇಡ. ತೋರಿಸಿ ಒತ್ತಿದ್ರೆ ಸಾಕು."
ಆರು ವರ್ಷ ಡಾಸ್‌ನಲ್ಲಿ ಎಕ್ಸ್-ರೇ ರಿಪೋರ್ಟ್ ಟೈಪ್ ಮಾಡಿದ್ದೇನೆ. ಕಪ್ಪು ಪರದೆ, ಬಿಳಿ ಅಕ್ಷರ. ನೋಡದೆಯೇ ಬೆರಳು ಓಡುತ್ತಿದ್ದವು. ಇವತ್ತು ಮೂರು ರಿಪೋರ್ಟ್‌ಗೆ ಇಡೀ ಬೆಳಗ್ಗೆ.

9-10
ಡಬಲ್ ಕ್ಲಿಕ್ ಬರುತ್ತಿಲ್ಲ. ಎರಡು ಸಲ ಒತ್ತುವ ನಡುವೆ ಕೈ ಜರುಗುತ್ತದೆ. ಮೌಸ್ ಮೇಜಿನ ಅಂಚಿಗೆ ಬಂದರೂ ಬಾಣ ಇನ್ನೂ ಅರ್ಧ ದಾರಿಯಲ್ಲಿ. ಎಕ್ಸ್-ರೇ ಫಿಲ್ಮ್ ತೆಗೆಯುವ ಕೋದಂಡಪ್ಪ ನಿಂತು ನೋಡಿದ. "ಎತ್ತಿ ಇಕ್ಕು ತಾಯೀ." ಎತ್ತಿದರೆ ಬಾಣ ಇದ್ದಲ್ಲೇ ಇರುತ್ತದೆ! ಇಷ್ಟನ್ನು ಯಾರೂ ಹೇಳಿರಲಿಲ್ಲ.

14-10
ಒಂದು ಅನುಕೂಲ: ಫೈಲಿಗೆ ಎಷ್ಟುದ್ದದ ಹೆಸರಾದರೂ ಇಡಬಹುದು. ಡಾಸ್‌ನಲ್ಲಿ ಇಂಗ್ಲಿಷಿನ ಎಂಟೇ ಅಕ್ಷರ. ಮುನಿನಾರಾಯಣಪ್ಪ 'ಮುನಿನಾರ'ದಲ್ಲೇ ನಿಲ್ಲುತ್ತಿದ್ದ. ಒಂದೇ ಹೆಸರಿನವರು ಇಬ್ಬರಿದ್ದರೆ ಕೊನೆಗೆ ಒಂದು, ಎರಡು ಅಂತ ಅಂಕಿ. ಈಗ ಹಳೆಯದನ್ನೆಲ್ಲ ತೆರೆದು, ತಂದೆ ಹೆಸರು, ಊರು ಸೇರಿಸಿ ಹೊಸ ಹೆಸರು ಕೊಡಬೇಕಂತೆ. ಆರುನೂರು ಚಿಲ್ಲರೆ ಫೈಲು.

22-10, ಮಧ್ಯಾಹ್ನ 3
1991ರ ಫೈಲುಗಳು. ಆ ವರ್ಷ ಚಿನ್ನದ ಗಣಿಯವರೇ ಹೆಚ್ಚು.
ಮುನಿಸ್ವಾ1: ಮುನಿಸ್ವಾಮಪ್ಪ, ತಂದೆ ಬಚ್ಚಪ್ಪ, ನಂದಿದುರ್ಗ ಗಣಿ. ಎರಡೂ ಶ್ವಾಸಕೋಶದಲ್ಲಿ ಕಲ್ಲುಧೂಳಿನ ಚುಕ್ಕೆ. ಗಣಿಯೊಳಗೆ ಇಳಿಯಕೂಡದು.
ಮುನಿಸ್ವಾ2: ಮುನಿಸ್ವಾಮಪ್ಪ, ತಂದೆ ಸೊಣ್ಣಪ್ಪ, ಕ್ಯಾಸಂಬಳ್ಳಿ. ಶ್ವಾಸಕೋಶ ಸ್ವಚ್ಛ.
ಆದರೆ ಚುಕ್ಕೆ ಇದೆ ಅಂತ ಗಣಿ ಬಿಟ್ಟವರು, ಊರಿಗೆಲ್ಲ ಗೊತ್ತು, ಕ್ಯಾಸಂಬಳ್ಳಿಯವರು. ಈಗ ಹಸು ಕಟ್ಟಿದ್ದಾರೆ. ನಂದಿದುರ್ಗದವರು ಇನ್ನೂ ಇಳಿಯುತ್ತಿದ್ದಾರೆ...
ರಿಪೋರ್ಟ್ ಕೊಟ್ಟ ರಿಜಿಸ್ಟರ್ ತೆಗೆದೆ. ಒಂದರ ಎದುರು ಕ್ಯಾಸಂಬಳ್ಳಿಯವರ ಹೆಬ್ಬೆಟ್ಟು. ಎರಡರ ಎದುರು ನಂದಿದುರ್ಗದವರದು. ಹೆಬ್ಬೆಟ್ಟಿನ ಪಕ್ಕ ಊರು ಬರೆದ ಕೈಬರಹ ನನ್ನದೇ. ಇಬ್ಬರಿಗೂ ಓದು ಬರದು. ಲಕೋಟೆ ಕೊಟ್ಟು, ಒಳಗಿರುವುದನ್ನು ಬಾಯಲ್ಲಿ ಹೇಳಿದವಳೂ ನಾನೇ.

23-10
ಡಾಕ್ಟರಿಗೆ ತೋರಿಸಿದೆ. ಬಹಳ ಹೊತ್ತು ಓದಿದರು. "ಐದು ವರ್ಷ ಆಗಿದೆ. ಕರೆಸು, ಹೊಸದಾಗಿ ಫಿಲ್ಮ್ ತೆಗೆಯೋಣ. ಹಳೇದನ್ನ ಎತ್ತೋದು ಬೇಡ."
ತಲೆಯಾಡಿಸಿದೆ. ಹೌದೆಂದೋ ಅಲ್ಲವೆಂದೋ, ನನಗೇ ಗೊತ್ತಿಲ್ಲ.

5-11
ಇವತ್ತು ನಲವತ್ತು ಫೈಲು. ಮೌಸ್ ಹೇಳಿದಂತೆ ಕೇಳುತ್ತಿದೆ. ಆ ಎರಡಕ್ಕೆ ಮಾತ್ರ ಹೊಸ ಹೆಸರು ಇಟ್ಟಿಲ್ಲ. ಇಬ್ಬರನ್ನೂ ಕರೆಸಿಯೂ ಇಲ್ಲ. ದೀಪಾವಳಿ ಹಬ್ಬ ಕಳೆಯಲಿ.

17-11, ಭಾನುವಾರ
ನಂದಿದುರ್ಗಕ್ಕೆ ಹೋದೆ. ಗಣಿ ಕೆಲಸಗಾರರ ಕೂಲಿಲೈನಿನ ಕೊನೆಯ ಮನೆ. ಹೆಂಡತಿ ಮುನಿಶಾಮಮ್ಮ ಬಾಗಿಲು ತೆರೆದರು. ಮುನಿಸ್ವಾಮಪ್ಪ ಮಂಚದ ಮೇಲೆ ಕೂತಿದ್ದರು. ಕೆಲಸಕ್ಕೆ ಹೋಗಿ ತಿಂಗಳಾಯಿತಂತೆ. ಎರಡು ಮಾತಿಗೊಮ್ಮೆ ಉಸಿರಿಗೆ ನಿಲ್ಲುತ್ತಾರೆ.
ಹೇಳಿದೆ. ಏನನ್ನೂ ಬಿಡದೆ ಹೇಳಿದೆ.
"ಬಿಡಮ್ಮಾ," ಅಂದರು. "ಆಗ ನೀನು ಏಳಿದ್ರೂ... ನಾನು ಗಣಿ ಬಿಡ್ತಿರ್ಲಿಲ್ಲ."
ಮುನಿಶಾಮಮ್ಮ ನನ್ನ ಮುಂದೆ ನೀರಿನ ಚೊಂಬು ಇಟ್ಟು ಗಂಡನತ್ತ ತಿರುಗಿದರು. "ನೀನು ಬಿಡ್ತಿರ್ಲಿಲ್ಲ. ನಾನು ಬಿಡುಸ್ತಿದ್ದೆ."
ಕುಡಿಯಬೇಕೋ ಬೇಡವೋ ತಿಳಿಯಲಿಲ್ಲ. ಕುಡಿದೆ.

20-11
ಮುನಿಶಾಮಮ್ಮ ಗಂಡನನ್ನು ಆಟೋದಲ್ಲಿ ಕರೆತಂದರು. "ಉಸ್ರು ಬಿಗಿ ಇಡೀ ಅಣ್ಣಾ," ಅಂತ ಕೋದಂಡಪ್ಪ. ಹಿಡಿಯಲು ಆಗಲಿಲ್ಲ. ಎರಡು ಫಿಲ್ಮ್ ಕೆಟ್ಟವು, ಮೂರನೆಯದು ಬಂತು. ಎದೆಯ ತುಂಬ ಚುಕ್ಕೆ.
ಗಣಿಯವರಿಂದ ಪರಿಹಾರ ಕೇಳುವುದಕ್ಕೆ ಹಳೆಯ ರಿಪೋರ್ಟೂ ಬೇಕು ಅಂದಿದ್ದಾರಂತೆ ಯೂನಿಯನ್‌ನವರು. ಪ್ರಿಂಟ್ ತೆಗೆದೆ. ಜೊತೆಗೆ ಒಂದು ಕಾಗದ: ಇದನ್ನು 1991ರಲ್ಲಿ ಬೇರೆಯವರಿಗೆ ಕೊಟ್ಟದ್ದು ನಾನು. ಸಹಿ ಹಾಕಿದೆ. ಡಾಕ್ಟರ್ ಓದಿದರು. "ನಿನ್ನ ಕೆಲಸಕ್ಕೇ ಕುತ್ತು ಬರುತ್ತೆ, ಅನಸೂಯಾ." ಗೊತ್ತು ಅಂದೆ. ಅವರು ಕ್ಲಿನಿಕ್ಕಿನ ಸೀಲ್ ನನ್ನ ಕಡೆ ಸರಿಸಿ ಒಳಗೆ ಹೋದರು.
ಎಲ್ಲವನ್ನೂ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಮುನಿಶಾಮಮ್ಮ ಇನ್ನೊಂದು ಸಲ ಓದಿಸಿದರು.

24-11, ಭಾನುವಾರ
ಕ್ಯಾಸಂಬಳ್ಳಿ. ಸೊಣ್ಣಪ್ಪನವರ ಮಗ ಮುನಿಸ್ವಾಮಪ್ಪ ಕೊಟ್ಟಿಗೆಯಲ್ಲಿದ್ದರು. ಆಳು ಗಟ್ಟಿಮುಟ್ಟು. ನನ್ನನ್ನು ಕಂಡು ಕೈ ಮುಗಿದರು. "ಬಾಮ್ಮಾ. ಅವತ್ತು ನೀನು ಏಳ್ದೆ ಓಗಿದ್ರೆ ಇಷ್ಟೊತ್ಗೆ ಮಣ್ಣಾಗಿರ್ತಿದ್ದೆ." ಹಾಲು ಕಾಯಿಸಿ ಕೊಟ್ಟರು. ಐದು ವರ್ಷದಿಂದ ಭಾರ ಎತ್ತಿಲ್ಲವಂತೆ. ಮಗಳ ಮದುವೆ ಬೇಗ ಮುಗಿಸಿದರಂತೆ, ತಾನು ಇರುವಾಗಲೇ ಆಗಲಿ ಅಂತ. ಅವಳಿಗೆ ಆಗ ಹದಿನಾರು.
"ಅಣ್ಣಾ, ನಿಮ್ಮ ಎದೇಲಿ ಏನೂ ಇರಲಿಲ್ಲ," ಅಂದೆ.
ನಕ್ಕರು. ಆಮೇಲೆ ನಗು ನಿಂತಿತು. "ಮತ್ತೆ ಆ ಚುಕ್ಕೆ ಯಾರ್ದು?"
ತಂದೆ ಹೆಸರು ಸೇರಿಸಿ ಹೇಳಿದೆ.
"ಬಚ್ಚಪ್ಪನ ಮಗನಾ? ಅವನೂ ನಾನೂ ಒಂದೇ ಶಿಫ್ಟು. ನಿನ್ನತ್ರ ಜೊತ್ಯಾಗೇ ಬಂದಿದ್ವಿ ಕಣಮ್ಮಾ..."
ಹಸು ಬಿಚ್ಚುತ್ತಿದ್ದವರು ಹಗ್ಗ ಅಲ್ಲೇ ಬಿಟ್ಟು, ಗೂಟಕ್ಕೆ ಸಿಕ್ಕಿಸಿದ್ದ ಅಂಗಿ ತೆಗೆದು ತೊಟ್ಟರು. ನಂದಿದುರ್ಗದ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿದರು. ನಾನೂ ಬರ್ತೀನಿ ಅಂದೆ. ಬಸ್ಸಿಳಿದು ಕೂಲಿಲೈನಿಗೆ ನಡೆದೆವು. ಬಾಗಿಲು ತೆರೆದವರು ಮುನಿಶಾಮಮ್ಮ. ಮೊದಲು ಕ್ಯಾಸಂಬಳ್ಳಿಯವರ ಮುಖ ನೋಡಿದರು, ಆಮೇಲೆ ನನ್ನ ಮುಖ, ಆಮೇಲೆ ಒಳಗೆ ಮಂಚದ ಕಡೆ ತಿರುಗಿದರು: "ನೋಡು, ಸೊಣ್ಣಪ್ಪನ ಮಗ ಬಂದವ್ನೆ."